ಎಲಿಹಿಯೋ ತನ್ನ ಮಗಳಿಗೆ ರೆಕ್ಕೆ ಬರೆದದ್ದು

ಇತಾಮೊರೋತಿ ಊರಿನ ನೀರಿನ ಸಮಿತಿಯಲ್ಲಿ ಮೀಟರ್ ಓದುತ್ತಿದ್ದ ಎಲಿಹಿಯೋ ಬಾರೆತೋ, ನಲವತ್ತು ದಾಟಿದ ಮೇಲೆ ಒಂದು ದಿನ, ತಾನು ಕಲಾವಿದ ಎಂದು ಕಂಡುಕೊಂಡ. ಇಷ್ಟು ದೊಡ್ಡ ಸಂಗತಿ ಅಷ್ಟು ವರ್ಷ ಅವನ ಕಣ್ಣಿಗೆ ಹೇಗೆ ಬೀಳಲಿಲ್ಲವೋ ತಿಳಿಯದು. ಬೇರೆಯವರ ಕಣ್ಣಿಗಂತೂ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ಆದದ್ದು ಇಷ್ಟು. ಇಸ್ತ್ರಿಪೆಟ್ಟಿಗೆ ತರುತ್ತೇನೆಂದು ಗಡಿ ಪಟ್ಟಣಕ್ಕೆ ಹೋದವನು, ಪೆನ್ನಿನಿಂದ ಗಾಜಿನ ಮೇಲೆ ಚಿತ್ರ ಬರೆಯುವ ಟ್ಯಾಬ್ಲೆಟ್ ಹಿಡಿದುಕೊಂಡು ವಾಪಸ್ಸು ಬಂದ. ಹೆಂಡತಿ ಫಿದೆಲೀನಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಬಿಸಿ ಆಗುತ್ತಾ?"

"ತುಂಬ ಹೊತ್ತು ಬಳಸಿದ್ರೆ ಸ್ವಲ್ಪ ಆಗುತ್ತೆ."

"ಹಾಗಾದ್ರೆ ನಿನ್ನ ಅಂಗೀನ ನೀನೇ ಇದ್ರಲ್ಲಿ ಉಜ್ಜಿಕೋ."

ಕಲಾವಿದರ ಹೆಂಡಿರು ಹೀಗೇ ಇರುತ್ತಾರೆಂದು ಎಲಿಹಿಯೋ ಎಲ್ಲೋ ಕೇಳಿದ್ದ. ಹಾಗಾಗಿ ಆ ಮಾತಿನಿಂದ ಅವನಿಗೆ ಬೇಸರವಾಗುವ ಬದಲು ತಾನು ಸರಿಯಾದ ದಾರಿಯಲ್ಲಿದ್ದೇನೆ ಎಂಬ ಧೈರ್ಯ ಬಂತು.

ಮೊದಲು ಪಕ್ಕದ ಮನೆಯ ನಾಯಿಯನ್ನು ಬರೆದ. ನೋಡಿದವರು ಸೋಫಾ ಚೆನ್ನಾಗಿದೆ ಎಂದರು. ಆಮೇಲೆ ಊರಿನ ಚರ್ಚನ್ನು ಬರೆದ. ಪಾದ್ರಿಗಳು ಅದನ್ನು ನೋಡಿ ಹೊರಗೆ ಹೋಗಿ, ಗೋಪುರ ನೆಟ್ಟಗೇ ಇದೆಯೇ ಎಂದು ತಲೆಯೆತ್ತಿ ನೋಡಿ ಬಂದರು. ಎಲಿಹಿಯೋ ಧೃತಿಗೆಡಲಿಲ್ಲ. ಫೋನಿನಲ್ಲಿ ಚಿತ್ರಕಲೆಯ ಪಾಠ ಹೇಳುವ ಗಡ್ಡದ ಗುರುವೊಬ್ಬನನ್ನು ಹಿಡಿದ. ನಿಜವಾದ ಕಲಾವಿದ ತನ್ನ ಚಿತ್ರವನ್ನು 'ಅದು' ಎನ್ನುವುದಿಲ್ಲ, 'ಅವಳು' ಎನ್ನುತ್ತಾನೆ, 'ಅವನು' ಎನ್ನುತ್ತಾನೆ, ಅವನ ಪಾಲಿಗೆ ಚಿತ್ರವೆಂದರೆ ಉಸಿರಾಡುವ ಮನುಷ್ಯ ಎಂದು ಆ ಗುರು ಹೇಳಿದ. ನೆಟ್ಟಗೆ ಒಂದು ಗೆರೆ ಎಳೆಯುವುದನ್ನು ಕಲಿಯುವ ಮೊದಲೇ ಎಲಿಹಿಯೋ ಇದನ್ನು ಕಲಿತುಬಿಟ್ಟ. ಗೆರೆಗಿಂತ ಇದು ಸುಲಭವಾಗಿತ್ತು.

ಆ ದಕ್ಷಿಣದ ಸೀಮೆಯಲ್ಲಿ ಜುಲೈ ಎಂದರೆ ಚಳಿಗಾಲ; ಶಾಲೆಗೆ ರಜೆ ಬಂತು. ಫಿದೆಲೀನಾ ಎಂಟು ವರ್ಷದ ಮಗಳು ನಿಮಿಯಾಳನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊಳೆಯಾಚೆಯ ತವರಿಗೆ ಹೊರಟುಹೋದಳು. ಅವಳು ಹೋದದ್ದು ಬೀದಿಗೆ ಗೊತ್ತಾಯಿತು. ಕತ್ತಲಲ್ಲಿ ಕಂಬಳಿ ಹೊದ್ದು ಅವಳ ಹೆಗಲ ಮೇಲೆ ನಿದ್ದೆಮಾಡುತ್ತಿದ್ದ ಮಗು ಯಾರಿಗೂ ಕಾಣಲಿಲ್ಲ. ಆ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಮರ ಹತ್ತಬೇಕು. ಫಿದೆಲೀನಾ ಮರ ಹತ್ತುವ ಹೆಂಗಸಲ್ಲ. ಮನೆಯಲ್ಲಿ ಒಬ್ಬನೇ ಉಳಿದ ಎಲಿಹಿಯೋ ಬೆಳಕು ಪರದೆಯ ಮೇಲೆ ಬೀಳದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ತನ್ನ ಜೀವಮಾನದ ಕೃತಿಗೆ ಕೈಹಾಕಿದ. ಮಗಳ ಚಿತ್ರ. ಅದೂ ಸಾಮಾನ್ಯ ಚಿತ್ರವಲ್ಲ, ಅವಳನ್ನು ಯಾವುದೋ ಮಾಯಾಲೋಕದ ರಾಣಿಯಾಗಿ ತೋರಿಸುವ ಚಿತ್ರ.

ನಿಜವಾದ ನಿಮಿಯಾಳಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎಡಗಿವಿ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು. ಮೊಣಕಾಲಿನಲ್ಲಿ ಯಾವಾಗಲೂ ಒಂದು ಗಾಯ ಮಾಗುತ್ತಿರುತ್ತಿತ್ತು. ರಾಣಿಯೊಬ್ಬಳಿಗೆ ಇವು ಹೊಂದುವುದಿಲ್ಲವೆಂದು ಎಲಿಹಿಯೋ ಹಲ್ಲುಗಳನ್ನು ಧಾರಾಳವಾಗಿ ಕೊಟ್ಟ, ಕಿವಿಯನ್ನು ಕೂದಲಲ್ಲಿ ಮುಚ್ಚಿದ, ಕಣ್ಣುಗಳನ್ನು ಹಿಗ್ಗಿಸಿ ನೇರಳೆ ಬಣ್ಣ ತುಂಬಿದ. ಬೆನ್ನಿಗೆ ಎರಡು ದೊಡ್ಡ ಬಿಳಿ ರೆಕ್ಕೆ, ತಲೆಯ ಮೇಲೆ ಕಿರೀಟ, ತಲೆಯ ಹಿಂದೆ ಬಂಗಾರದ ಬೆಳಕು. ಪಕ್ಕದಲ್ಲಿ ಒಂದು ಚುಕ್ಕೆಹುಲಿ ಮಲಗಿತ್ತು, ಅಥವಾ ಬೂಸು ಹಿಡಿದ ಜೋಳದ ಮೂಟೆ. ಕೈಗಳು ಮಾತ್ರ ಏನು ಮಾಡಿದರೂ ಬರಲಿಲ್ಲ. ಒಂದು ಸಲ ಆರು ಬೆರಳಾದವು, ಇನ್ನೊಂದು ಸಲ ಕಸ ಗುಡಿಸುವ ಕುಂಟೆಯಾಯಿತು. ಕೊನೆಗೆ ಕೈಗಳನ್ನು ಅಳಿಸಿ ಆ ಜಾಗಕ್ಕೆ ಮೋಡ ತುಂಬಿದ. ಪಾದಗಳಿಗೂ ಅದೇ ಗತಿಯಾಯಿತು.

ನಡುವೆ ಒಂದು ದಿನ ಪಕ್ಕದ ಮನೆಯ ಹಿರಿಯಾಕೆ, ಊರೆಲ್ಲ ಗೌರವದಿಂದ ನ್ಯಾ ಪ್ಲಾಸಿದಾ ಎಂದು ಕರೆಯುವವರು, ಬೇಲಿಯಾಚೆಯಿಂದ, "ಕಿಟಕಿ ಎಲ್ಲ ಮುಚ್ಚಿದೀಯಲ್ಲಪ್ಪ, ನಿಮಿಯಾ ಹುಷಾರಾಗಿದ್ದಾಳಾ?" ಎಂದು ಕೇಳಿದ್ದರು.

"ಇನ್ನೂ ಬಣ್ಣ ಬಂದಿಲ್ಲ ನ್ಯಾ ಪ್ಲಾಸಿದಾ. ಮುಖ ಬಿಳಿಚಿಕೊಂಡೇ ಇದೆ. ನೋಡೋಣ," ಎಂದಿದ್ದ ಎಲಿಹಿಯೋ.

ಈಗ ಒಂದು ಮಾತು. ಆ ಸೀಮೆಯಲ್ಲಿ ಮಗುವಿಗೆ ರೆಕ್ಕೆ ಕಟ್ಟಿ, ತಲೆಯ ಹಿಂದೆ ಬೆಳಕಿಟ್ಟು, ಮೋಡದ ಮೇಲೆ ನಿಲ್ಲಿಸುವುದು ಒಂದೇ ಸಂದರ್ಭದಲ್ಲಿ, ಮತ್ತು ಆ ಸಂದರ್ಭ ಹುಟ್ಟುಹಬ್ಬವಲ್ಲ. ತೀರಿಕೊಂಡ ಮಕ್ಕಳು ನೇರವಾಗಿ ದೇವದೂತರಾಗುತ್ತಾರೆಂಬುದು ಇತಾಮೊರೋತಿಯ ತೊದಲು ಮಾತಿನ ಕೂಸಿಗೂ ಗೊತ್ತು. ಎಲಿಹಿಯೋನಿಗೂ ಗೊತ್ತಿತ್ತು. ಆದರೆ ಕಲಾವಿದನಾದ ಮೇಲೆ ಅವನು ತನಗೆ ಗೊತ್ತಿದ್ದ ಎಷ್ಟೋ ವಿಷಯಗಳನ್ನು ತ್ಯಜಿಸಿದ್ದ.

ಗುರುವಾರ ಬೆಳಿಗ್ಗೆ ಅವನು ಚಿತ್ರವನ್ನು ಬೀದಿಯವರ ಫೋನ್ ಗುಂಪಿಗೆ ಹಾಕಿದ. ಕೆಳಗೆ, ಬಹಳ ಯೋಚಿಸಿ, ಎರಡು ಸಾಲು ಬರೆದ: "ನನ್ನ ಪುಟ್ಟ ನಿಮಿಯಾ ಕೊನೆಗೂ ತನ್ನ ಲೋಕವನ್ನು ಸೇರಿದಳು. ಎರಡು ವಾರಗಳ ಹೋರಾಟ ಮುಗಿಯಿತು."

ನಾಯಿಯ ಚಿತ್ರಕ್ಕೆ ಯಾರೂ ಏನೂ ಹೇಳಿರಲಿಲ್ಲ. ಇದಕ್ಕೆ ಕ್ಷಣಮಾತ್ರದಲ್ಲಿ ಉತ್ತರಗಳು ಸುರಿದವು. "ಮಾತೇ ಹೊರಡುತ್ತಿಲ್ಲ ಎಲಿಹಿಯೋ." "ಎದ್ದು ನೋಡಿದೆ, ಅಲ್ಲೇ ಕುಸಿದು ಕೂತೆ." "ನಮ್ಮ ಮನೆಯಲ್ಲಿ ಎಲ್ಲರೂ ಅಳುತ್ತಿದ್ದೇವೆ." ಕೈಮುಗಿದ ಚಿತ್ರಗಳು, ಕಣ್ಣೀರಿನ ಚಿತ್ರಗಳು, ಬಿಳಿ ಪಾರಿವಾಳಗಳು. ಎಲಿಹಿಯೋ ತನ್ನ ಎದೆ ಉಬ್ಬಿದ್ದನ್ನು ಅಡಗಿಸಿಕೊಳ್ಳಲಾರದೆ, "ನಿಮ್ಮ ಕಣ್ಣೀರೇ ನನಗೆ ಬಹುಮಾನ" ಎಂದು ಉತ್ತರ ಬರೆದ. ಇದನ್ನು ಓದಿದವರು ಇನ್ನಷ್ಟು ಅತ್ತರು. ನೀರಿನ ಸಮಿತಿಯ ಅಧ್ಯಕ್ಷರು ಸ್ವತಃ ಫೋನು ಮಾಡಿ, "ಈ ವಾರ ಕೆಲಸಕ್ಕೆ ಬರಬೇಡ ಎಲಿಹಿಯೋ. ಮೀಟರ್ ಎಲ್ಲಿಗೂ ಓಡಿಹೋಗಲ್ಲ," ಎಂದರು. ಕಲೆಗೆ ಇಂಥ ಬೆಲೆ ಕೊಡುವ ಮನುಷ್ಯ ಸುಮ್ಮನೆ ನೀರಿನ ಸಮಿತಿಯಲ್ಲಿ ಕೊಳೆಯುತ್ತಿದ್ದಾನಲ್ಲ ಎಂದು ಎಲಿಹಿಯೋನಿಗೆ ಮರುಕವಾಯಿತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತೆರೆದಾಗ ನ್ಯಾ ಪ್ಲಾಸಿದಾ ನಿಂತಿದ್ದರು, ಹಿಂದೆ ತಲೆಗೆ ಕಪ್ಪು ಬಟ್ಟೆ ಹೊದ್ದ ಐದಾರು ಹೆಂಗಸರು. ಊರಲ್ಲಿ ಯಾರು ಸತ್ತರೂ ಪ್ರಾರ್ಥನೆ ಹೇಳಿಸುವವರು ಪ್ಲಾಸಿದಾ. ಅವರ ಕೈಯಲ್ಲಿ ಜಪಮಾಲೆಯಿತ್ತು, ಮತ್ತೊಬ್ಬಳ ಕೈಯಲ್ಲಿ ಬಿಳಿ ಹೂವು.

"ಧೈರ್ಯ ತಂದ್ಕೋ ಮಗನೇ," ಎಂದು ಅವನನ್ನು ಅಪ್ಪಿಕೊಂಡರು.

"ತಂದ್ಕೊಂಡಿದೀನಿ. ಇಷ್ಟು ಬೇಗ ಎಲ್ಲಾರ ಮನಸ್ಸಿಗೂ ತಾಕುತ್ತೆ ಅಂತ ನಾನೇ ಅಂದ್ಕೊಂಡಿರ್ಲಿಲ್ಲ."

"ಯಾವಾಗ ಆಯ್ತಪ್ಪ?"

"ಇವತ್ತು ಬೆಳಗಿನ ಜಾವ. ಕೋಳಿ ಕೂಗೋ ಹೊತ್ತಿಗೆ ಮುಗೀತು."

"ತುಂಬ ಒದ್ದಾಡಿದಳಾ, ಪಾಪ?"

"ಅವಳೇನು ಒದ್ದಾಡ್ತಾಳೆ. ಒದ್ದಾಡಿದೋನು ನಾನು. ಸೊಂಟ ಹಿಡ್ಕೊಂಡು ಹೋಗಿದೆ, ಕಣ್ಣು ಉರಿ ಉರಿ."

ಹೆಂಗಸರು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಅವರಲ್ಲಿ ಕಿರಿಯವಳೊಬ್ಬಳು ಬಿಕ್ಕಿದಳು. ಅವಳ ಪಕ್ಕದವಳು ಮೊಣಕೈಯಲ್ಲಿ ತಿವಿದು, "ಅಳಬೇಡ್ವೇ, ಮಗೂನ ರೆಕ್ಕೆ ನೆನೆದ್ರೆ ಹಾರೋಕಾಗಲ್ಲ," ಎಂದಳು.

"ಅಳ್ಲಿ ಬಿಡಮ್ಮ," ಎಂದ ಎಲಿಹಿಯೋ ಉದಾರವಾಗಿ. "ನೆನೆಯೋ ಅಂಥ ರೆಕ್ಕೆ ಅಲ್ಲ ಅದು."

ಪ್ಲಾಸಿದಾ ಅವನ ಮುಖವನ್ನೇ ನೋಡಿದರು. "ಹತ್ತಿರ ಯಾರಿದ್ರು ಆ ಹೊತ್ತಲ್ಲಿ? ಫಿದೆಲೀನಾ?"

"ಅವಳನ್ನ ತವರಿಗೆ ಕಳಿಸಿಬಿಟ್ಟಿದ್ದೆ. ಇದ್ದಿದ್ರೆ ಮುಗಿಸೋಕೇ ಬಿಡ್ತಿರ್ಲಿಲ್ಲ. ಹತ್ತು ಸಲ ಬಂದು, ಸಾಕು ಮಾಡು, ಸಾಕು ಮಾಡು ಅಂತಿದ್ಲು."

ಜಪಮಾಲೆ ತಿರುಗಿಸುತ್ತಿದ್ದ ಬೆರಳುಗಳು ನಿಂತವು.

"ಮಗೂನ ಕೈಗೆ ಜಪಮಾಲೆ ಇಟ್ಟೆ ತಾನೇ?"

"ಇಡೋಣ ಅಂದ್ರೆ ಕೈ ಎಲ್ಲಿದೆ ನ್ಯಾ ಪ್ಲಾಸಿದಾ? ತೆಗೆದುಬಿಟ್ಟೆ. ಸರಿ ಕಾಣ್ತಿರ್ಲಿಲ್ಲ. ಪಾದಾನೂ ಅಷ್ಟೇ."

ಪ್ಲಾಸಿದಾ ಬಹಳ ಮೆತ್ತಗೆ, ಹುಚ್ಚುನಾಯಿಯನ್ನು ಮಾತಾಡಿಸುವವರ ಹಾಗೆ, "ಈಗ ಅವಳು ಎಲ್ಲಿದ್ದಾಳಪ್ಪ?" ಎಂದರು.

"ರಾಜಧಾನಿಗೆ ಕಳಿಸಿದೀನಿ. ಅಲ್ಲಿ ಅವಳನ್ನ ದೊಡ್ಡದು ಮಾಡಿ, ಸುರುಳಿ ಸುತ್ತಿ, ಶನಿವಾರದ ಬಸ್ಸಿಗೆ ಹಾಕ್ತಾರೆ. ಬನ್ನಿ, ಕೂತ್ಕೊಳ್ಳಿ. ಕುಡಿಯೋಕೆ ತೆರೆರೆ ಮಾಡ್ಲಾ?"

ಹೆಂಗಸರು ಕೂತರು. ಬಾಗಿಲಿಗೆ ಹತ್ತಿರವಾಗಿ.

ಅಷ್ಟು ಹೊತ್ತಿಗೆ ವೆನ್ಸೆಸ್ಲಾವೋ ಬಂದ. ಅವನು ಬಡಗಿ. ನಿಮಿಯಾಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡ ಧರ್ಮತಂದೆ. ಅಂದಿನಿಂದ ಅವನೂ ಎಲಿಹಿಯೋನೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುವುದು. ಮಗು ತೀರಿಕೊಂಡರೆ ಪೆಟ್ಟಿಗೆ ಮಾಡಿಸುವ ಹೊಣೆ ಧರ್ಮತಂದೆಯದು. ಅವನು ಅಳತೆಪಟ್ಟಿ ಹಿಡಿದು, ಕೆಂಪಾದ ಕಣ್ಣುಗಳಿಂದ ನೆಲ ನೋಡುತ್ತ ನಿಂತ.

"ಕೊಂಪಾದ್ರೆ, ಬೇರೆ ಯಾರ ಕೈಲೂ ಮಾಡಿಸ್ಬೇಡ. ನಾನೇ ಮಾಡ್ತೀನಿ."

ತನ್ನ ಕೃತಿಗೆ ಚೌಕಟ್ಟು ಮಾಡಿಕೊಡಲು ಊರಿನ ಒಳ್ಳೆಯ ಬಡಗಿ ತಾನಾಗಿಯೇ ಬಂದನಲ್ಲ ಎಂದು ಎಲಿಹಿಯೋ ಅವನ ಭುಜ ತಟ್ಟಿದ.

"ನಿನ್ನ ಬಿಟ್ಟು ಇನ್ಯಾರಿಗೆ ಹೇಳ್ಲಿ ಕೊಂಪಾದ್ರೆ. ಉದ್ದ ನಾಲ್ಕು ಅಡಿ ಸಾಕು. ಅಗಲ ಮೂರು ಇರಲಿ."

"ಮೂರು ಅಡಿ ಅಗಲ ಯಾಕೆ?"

"ರೆಕ್ಕೆ ಹರಡಿಕೊಂಡಿದೆಯಲ್ಲ. ಮಡಚೋಕಾಗುತ್ತಾ?"

ವೆನ್ಸೆಸ್ಲಾವೋ ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡ. "ಒಳಗೆ ಬಿಳಿ ಬಟ್ಟೆ ಹಾಕ್ಲಾ?"

"ಹಾಕು. ಮೇಲೆ ಗಾಜು ಇರಲಿ, ಜನ ನೋಡ್ಬೇಕು. ಆದ್ರೆ ಆಳ ಮಾತ್ರ ಜಾಸ್ತಿ ಬೇಡ. ಎರಡು ಬೆರಳು ಸಾಕು."

"ಎರಡು ಬೆರಳಾ?"

"ತೆಳ್ಳಗಿರ್ತಾಳಪ್ಪ. ಒತ್ತಿ ಕೂರಿಸಿ, ಹಿಂದಿನಿಂದ ಮೊಳೆ ಹೊಡೆದ್ರೆ ಆಯ್ತು. ಒಂದು ಕೊಕ್ಕೆ ಹಾಕ್ಕೊಡು. ಊಟದ ಮೇಜಿನ ಮೇಲ್ಗಡೆ ಗೋಡೆಗೆ ತೂಗುಹಾಕ್ತೀನಿ. ನೆಂಟರು ಬಂದಾಗ ಮೊದಲು ಅವಳೇ ಕಾಣಬೇಕು."

ವೆನ್ಸೆಸ್ಲಾವೋ ಅಳತೆಪಟ್ಟಿಯನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿದ. ಹೊರಗೆ ಬಂದು ಬೀದಿಯಲ್ಲಿ ಸೇರಿದ್ದವರಿಗೆ, "ದುಃಖ ತಲೆಗೆ ಹೋಗಿದೆ. ಏನು ಹೇಳಿದ್ರೂ ಹೂಂ ಅನ್ನಿ," ಎಂದ. ಮಾಮೂಲಿ ಆಳದ ಪೆಟ್ಟಿಗೆಯನ್ನೇ ಮಾಡಲು ಅಂಗಡಿಗೆ ಹೋದ.

ಆ ಮಾತು ಹಬ್ಬಿದ ಮೇಲೆ ಎಲಿಹಿಯೋ ಏನು ಹೇಳಿದರೂ ಊರು ಹೂಂ ಎಂದಿತು. ಕಲಾವಿದನೊಬ್ಬನಿಗೆ ಇದಕ್ಕಿಂತ ಅಪಾಯದ ಸ್ಥಿತಿ ಬೇರೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿ ಹೋಯಿತು. ಯಾರೋ ಚರ್ಚಿನಿಂದ ಕುರ್ಚಿ ತಂದು ಹಾಕಿದರು. ಬುಟ್ಟಿಗಟ್ಟಲೆ ಬಿಸಿ ಚಿಪಾ ರೊಟ್ಟಿ ಬಂತು, ತೆರೆರೆಯ ಲೋಟ ಕೈಯಿಂದ ಕೈಗೆ ತಿರುಗಿತು. ಗಂಡಸರು ಟೋಪಿ ತೆಗೆದು ಎದೆಗಿಟ್ಟುಕೊಂಡು ಸಾಲಾಗಿ ಬಂದು ಕೈಕುಲುಕಿದರು. ತನ್ನ ಮೊದಲ ಪ್ರದರ್ಶನಕ್ಕೇ ಇಷ್ಟು ಜನ ಬಂದದ್ದನ್ನು ಕಂಡು ಎಲಿಹಿಯೋ ಕುರ್ಚಿಯ ಮೇಲೆ ನಿಂತ. ಯಾರೂ ಕೇಳದಿದ್ದರೂ ಭಾಷಣ ಶುರುಮಾಡಿದ.

"ಬಂಧುಗಳೇ, ನೀವು ತೋರಿಸಿದ ಪ್ರೀತಿಗೆ ನನ್ನ ಬಾಯಿ ಕಟ್ಟಿಹೋಗಿದೆ. ಎರಡು ವಾರದ ಹಿಂದೆ ಈ ಕೈಯಿಂದ ಇಂಥ ಕೆಲಸ ಆಗುತ್ತೆ ಅಂತ ನಾನೂ ನಂಬಿರ್ಲಿಲ್ಲ. ಶುರುವಿನಲ್ಲಿ ಕೈ ನಡುಗ್ತಿತ್ತು. ಈಗ ಧೈರ್ಯ ಬಂದಿದೆ."

ಹೂಂ, ಎಂದಿತು ಅಂಗಳ.

"ಇದು ಮೊದಲನೇದು ಅಷ್ಟೇ. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸಬೇಕು ಅಂತಿದೀನಿ. ಮುಂದಿನದು ನಮ್ಮತ್ತೆ."

ಈ ಸಲ ಹೂಂ ಸ್ವಲ್ಪ ತಡವಾಗಿ ಬಂತು.

"ಆಮೇಲೆ ನಿಮ್ಮಲ್ಲಿ ಯಾರಿಗಾದ್ರೂ ನಿಮ್ಮ ಮಕ್ಕಳನ್ನೂ ಹೀಗೇ ಮಾಡಿಸಬೇಕು ಅಂತಿದ್ರೆ ಭಾನುವಾರ ಕರ್ಕೊಂಡು ಬನ್ನಿ. ಅಲುಗಾಡದೆ ಕೂತ್ಕೊಳ್ಳೋ ಮಕ್ಕಳಾದ್ರೆ ಬೇಗ ಆಗುತ್ತೆ."

ತಾಯಂದಿರು ಮಕ್ಕಳನ್ನು ಬಾಚಿ ಮಡಿಲಿಗೆ ಎಳೆದುಕೊಂಡರು. ನ್ಯಾ ಪ್ಲಾಸಿದಾ ಎದ್ದು ಹಿತ್ತಲ ಬಾಗಿಲಿನಿಂದ ಹೊರಬಿದ್ದವರು ನೇರವಾಗಿ ಠಾಣೆಯಲ್ಲೇ ನಿಂತದ್ದು.

ಠಾಣೆಯ ಅಧಿಕಾರಿ ಫ್ರೆತೆಸ್ ದಪ್ಪ ಮನುಷ್ಯ. ಕಳೆದ ವರ್ಷ ಕಳುವಾದ ಒಂದು ಹಸುವನ್ನು ಹುಡುಕಿದ್ದು ಬಿಟ್ಟರೆ ದೊಡ್ಡ ಪ್ರಕರಣ ಅವರ ಕೈಗೆ ಸಿಕ್ಕಿರಲಿಲ್ಲ, ಹಸುವೂ ತಾನಾಗಿಯೇ ವಾಪಸ್ಸು ಬಂದಿತ್ತು. ಪ್ಲಾಸಿದಾರ ಜೊತೆ ಬಂದ ಅವರು ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು, ಎಲಿಹಿಯೋನನ್ನು ಎದುರಿಗೆ ನಿಲ್ಲಿಸಿ, ಸುತ್ತ ಊರೆಲ್ಲ ಕೇಳುವ ಹಾಗೆ ವಿಚಾರಣೆ ಆರಂಭಿಸಿದರು.

"ಎಷ್ಟು ಮಕ್ಕಳನ್ನ ಮುಗಿಸಿದೀಯ?"

"ಪೂರ್ತಿ ಮುಗಿಸಿದ್ದು ಇವಳೊಬ್ಬಳನ್ನೇ ಸಾಹೇಬ್ರೇ. ಇನ್ನಿಬ್ಬರು ಅರ್ಧಕ್ಕೇ ನಿಂತುಹೋದ್ರು."

"ಯಾತರಿಂದ ಮಾಡಿದೆ?"

ಎಲಿಹಿಯೋ ಹೆಮ್ಮೆಯಿಂದ ಟ್ಯಾಬ್ಲೆಟ್ಟಿನ ಪೆನ್ನನ್ನು ತೋರಿಸಿದ. ಫ್ರೆತೆಸ್ ಅದನ್ನು ಬರಿಗೈಯಲ್ಲಿ ಮುಟ್ಟದೆ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು. "ಇಷ್ಟು ಸಣ್ಣದರಿಂದಲಾ?"

"ಒತ್ತೋದು ಗೊತ್ತಿದ್ರೆ ಸಾಕು ಸಾಹೇಬ್ರೇ. ಮೆತ್ತಗೆ ಒತ್ತಿದ್ರೆ ತೆಳ್ಳಗೆ ಬರುತ್ತೆ, ಜೋರಾಗಿ ಒತ್ತಿದ್ರೆ ಕೆಂಪು ಹರಿಯುತ್ತೆ."

ಫ್ರೆತೆಸ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅವರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಎಲಿಹಿಯೋನ ಫೋನು ಬಡಿದುಕೊಂಡಿತು. ಮಾಡಿದವನು ಫಿದೆಲೀನಾಳ ತಮ್ಮ ಬ್ರೌಲಿಯೋ. ಹೊಳೆಯ ಈಚೆ ದಡದಲ್ಲಿ, ದೋಣಿಗಟ್ಟೆಯ ಹತ್ತಿರ ಅವನ ಮನೆ.

"ಭಾವ," ಎಂದವನು ಅತ್ತ ಕಡೆ ಗಳಗಳನೆ ಅತ್ತ. "ಭಾವ, ನಿಮಿಯಾ ಹೋಗ್ಬಿಟ್ಲಂತೆ."

"ಎಲ್ಲಿಗೆ?"

"ಸತ್ತುಹೋದ್ಲಂತೆ. ಈಗಷ್ಟೇ ಕಟ್ಟೆಗೆ ಬಂದೆ, ಇಲ್ಲಿ ಎಲ್ಲಾರೂ ಹೇಳ್ತಿದ್ದಾರೆ. ನೀನು ಒಂದು ಮಾತು ತಿಳಿಸಬಾರದಾ ಭಾವ?"

ಸ್ವಲ್ಪವಾದರೂ ಬುದ್ಧಿಯಿರುವವನು ಇಲ್ಲಿ ತನ್ನ ಅಂಗಳದ ಕಪ್ಪು ಬಟ್ಟೆಗಳನ್ನು, ಬಿಳಿ ಹೂಗಳನ್ನು ನೋಡಿ ಒಂದಕ್ಕೊಂದು ಕೂಡಿಸುತ್ತಿದ್ದ. ಎಲಿಹಿಯೋ ಕೂಡಿಸಲಿಲ್ಲ. ಮಗಳು ಹೊಳೆಯಾಚೆಯಿದ್ದಾಳೆ, ದೋಣಿಗಟ್ಟೆಯ ಜನ ಸತ್ತಳು ಎನ್ನುತ್ತಿದ್ದಾರೆ, ಫಿದೆಲೀನಾಳ ಫೋನು ಹತ್ತುತ್ತಿಲ್ಲ: ಅವನಿಗೆ ಕಂಡದ್ದು ಹೊಳೆ ಮಾತ್ರ. ಫೋನು ಕೈಯಿಂದ ಜಾರಿತು. ಮೊಣಕಾಲು ಮಡಿಸಿ ಮಣ್ಣಿನಲ್ಲಿ ಕೂತುಬಿಟ್ಟ. ಬಾಯಿಂದ ಹೊರಟ ಸದ್ದು ಕೇಳಿ ಬೇಲಿಯ ಮೇಲಿದ್ದ ಕೋಳಿಗಳು ಹಾರಿದವು.

"ಸದ್ಯ, ಈಗ ಬಂತು ನೋಡಿ," ಎಂದು ಹೆಂಗಸರು ಸಮಾಧಾನಪಟ್ಟರು. "ಹೊರಗೆ ಬರ್ಲಿ. ಒಳಗೇ ಇದ್ರೆ ಕೆಟ್ಟದ್ದು."

ಎಲಿಹಿಯೋ ತೆವಳಿಕೊಂಡು ಹೋಗಿ ಪ್ಲಾಸಿದಾರ ಸೆರಗಿನಂತೆ ಇಳಿಬಿದ್ದಿದ್ದ ಕಪ್ಪು ಬಟ್ಟೆಯನ್ನು ಹಿಡಿದುಕೊಂಡ.

"ನ್ಯಾ ಪ್ಲಾಸಿದಾ, ನನ್ನ ಮಗಳು ಸತ್ತುಹೋದಳಂತೆ."

"ಗೊತ್ತಪ್ಪ. ಬೆಳಗಿನಿಂದ ಅದಕ್ಕೇ ಅಲ್ವಾ ಬಂದು ಕೂತಿರೋದು."

"ನಿಮಗೆ ಬೆಳಗಿನಿಂದ ಗೊತ್ತಿತ್ತಾ?" ಅವನು ಅಂಗಳವನ್ನೆಲ್ಲ ಒಮ್ಮೆ ನೋಡಿದ. "ಎಲ್ಲಾರಿಗೂ ಗೊತ್ತಿತ್ತಾ? ಒಬ್ಬರಾದ್ರೂ ನಂಗೆ ಹೇಳಬಾರದಾ?"

ಇದಕ್ಕೆ ಹೂಂ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಎಲಿಹಿಯೋ ಎದ್ದು ಫ್ರೆತೆಸ್‌ರ ತೋಳು ಹಿಡಿದು ಜಗ್ಗಿದ. "ಸಾಹೇಬ್ರೇ, ಜೀಪು ತೆಗೀರಿ. ಹೊಳೆ ಹತ್ರ ಹೋಗೋಣ. ನೀವೇ ಗುರುತು ಹಿಡೀಬಹುದು, ಎಡಗಿವಿ ಹೀಗೆ ಹೊರಗಿರುತ್ತೆ. ಮುಂದೆ ಎರಡು ಹಲ್ಲು ಇಲ್ಲ. ಮೊಣಕಾಲಲ್ಲಿ ಗಾಯ. ಯಾವ ಮೊಣಕಾಲು?" ಅವನು ಸುತ್ತಲಿನವರನ್ನು ಕೇಳಿದ. "ಯಾವ ಮೊಣಕಾಲು, ಯಾರಿಗಾದ್ರೂ ನೆನಪಿದೆಯಾ?"

ಫ್ರೆತೆಸ್ ಕೂತಲ್ಲಿಂದ ಏಳಲಿಲ್ಲ. ಹಸುವನ್ನು ಹುಡುಕಿದ ತಲೆ ನಿಧಾನವಾಗಿಯಾದರೂ ಓಡಲು ತೊಡಗಿತ್ತು. ಪಕ್ಕದವನ ಫೋನು ಇಸಿದುಕೊಂಡು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಇದನ್ನ ಬರೆದೋರು ಯಾರು?"

"ನಾನೇ."

"ಮಗಳು ಸತ್ತಳು ಅಂತ ನಿಂಗೆ ಗೊತ್ತಾಗಿದ್ದು ಯಾವಾಗ?"

"ಈಗ. ಫೋನಲ್ಲಿ."

"ಹಾಗಾದ್ರೆ ಬೆಳಿಗ್ಗೇನೇ ಇದನ್ನ ಯಾಕಯ್ಯಾ ಹಾಕಿದೆ?"

"ಚೆನ್ನಾಗಿ ಬಂದಿತ್ತು, ಅದಕ್ಕೆ," ಎಂದ ಎಲಿಹಿಯೋ ಅಳುತ್ತಲೇ.

ಫ್ರೆತೆಸ್ ಕಣ್ಣು ಮುಚ್ಚಿಕೊಂಡರು. ಅವರು ಇನ್ನೂ ಕಣ್ಣು ತೆರೆದಿರಲಿಲ್ಲ, ಗೇಟಿನ ಬಳಿ ಗುಂಪು ಎರಡಾಗಿ ಸೀಳಿತು. ಫಿದೆಲೀನಾ ಒಳಗೆ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಾಲು ಕಟ್ಟಿದ ಕೋಳಿ. ದೋಣಿಗಟ್ಟೆಯಲ್ಲಿ ಇಳಿದಾಗಿನಿಂದ ದಾರಿಯುದ್ದಕ್ಕೂ ಜನ ಅವಳ ಕೊರಳು ತಬ್ಬಿಕೊಂಡು ಮಗಳು ಹೋದದ್ದಕ್ಕೆ 'ದೇವರು ಬಲ ಕೊಡಲಿ' ಎಂದಿದ್ದರು, ಮಗಳು ಪಕ್ಕದಲ್ಲೇ ನಿಂತು ಕಿತ್ತಳೆ ಸುಲಿಯುತ್ತಿರುವಾಗ. ಆದ್ದರಿಂದ ಅವಳ ಮುಖ ಹೇಗಿತ್ತೆಂದು ವಿವರಿಸಬೇಕಾಗಿಲ್ಲ.

ಅವಳ ಹಿಂದಿನಿಂದ ನಿಮಿಯಾ ಇಣುಕಿದಳು. ಇಷ್ಟು ಜನವನ್ನು, ಕುರ್ಚಿಗಳನ್ನು ನೋಡಿದಳು. ಬುಟ್ಟಿ ಕಂಡಿತು. ನೇರವಾಗಿ ಹೋಗಿ ಒಂದು ಚಿಪಾ ತೆಗೆದು ಕಚ್ಚಿದಳು.

ನ್ಯಾ ಪ್ಲಾಸಿದಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ನೀನು ಸತ್ತಿಲ್ವೇನೇ?"

"ಇಲ್ಲ," ಎಂದಳು ನಿಮಿಯಾ ತುಂಬಿದ ಬಾಯಲ್ಲಿ. "ಬಸ್ಸು ಲೇಟು."

ಎಲಿಹಿಯೋ ಎಲ್ಲಿಂದ ಹಾರಿದನೋ ಯಾರೂ ನೋಡಲಿಲ್ಲ. ಮಗಳನ್ನು ಎತ್ತಿಕೊಂಡ, ಇಳಿಸಿದ, ಕಿವಿ ಹಿಡಿದು ನೋಡಿದ, ಬಾಯಿ ಅಗಲಿಸಿ ನೋಡಿದ, ಎರಡೂ ಮೊಣಕಾಲು ನೋಡಿದ. ಗಾಯ ಎರಡರಲ್ಲೂ ಇತ್ತು. ಸಂತೆಯಲ್ಲಿ ಕರು ಕೊಳ್ಳುವವರೂ ಅಷ್ಟು ನೋಡುವುದಿಲ್ಲ.

ಊರಿಗೆ ಸಂತೋಷವಾಯಿತು. ಆ ಸಂತೋಷ ಒಂದು ಸುತ್ತು ತೆರೆರೆ ಮುಗಿಯುವವರೆಗೂ ಇತ್ತು. ಆಮೇಲೆ ಒಬ್ಬೊಬ್ಬರಿಗೂ ತಾವು ಎಷ್ಟು ಅತ್ತೆವೆಂಬುದು ನೆನಪಾಯಿತು. ಹಿಟ್ಟು, ಗಿಣ್ಣು, ಹೂವು, ಮುಚ್ಚಿದ ಅಂಗಡಿ, ಎಲ್ಲವೂ ನೆನಪಾಯಿತು. ಸರಿಯಾಗಿ ಆಗಲೇ ವೆನ್ಸೆಸ್ಲಾವೋ ಬಿಳಿ ಬಣ್ಣ ಬಳಿದ ಪುಟ್ಟ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಗೇಟಿನಿಂದ ಒಳಬಂದ. ಮುಚ್ಚಳಕ್ಕೆ ಗಾಜು ಕೂರಿಸಿದ್ದ. ನಿಮಿಯಾಳನ್ನು ಕಂಡವನು ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆಯೇ ಕೂತು, ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿಸಿದ ಮೇಲೆ ಎದ್ದು, "ಕೊಂಪಾದ್ರೆ, ಎರಡು ಬೆರಳು ಆಳ ಅಂದ್ಯಲ್ಲ," ಎಂದು ಅಂಗಿಯ ತೋಳು ಮಡಚತೊಡಗಿದ. ಫ್ರೆತೆಸ್ ನಡುವೆ ಬರದಿದ್ದರೆ ಆ ಪೆಟ್ಟಿಗೆ ಆವತ್ತೇ ಉಪಯೋಗಕ್ಕೆ ಬರುತ್ತಿತ್ತು.

ಯಾರೋ ನಿಮಿಯಾಳ ಕೈಗೆ ಫೋನು ಕೊಟ್ಟರು. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇದ್ಯಾರು?"

ಅಂಗಳವೆಲ್ಲ ಎಲಿಹಿಯೋನ ಕಡೆ ತಿರುಗಿತು.

"ಗೊತ್ತಿಲ್ಲ," ಎಂದ ಎಲಿಹಿಯೋ.

ಫಿದೆಲೀನಾ ಕೋಳಿಯನ್ನು ಅವನ ಕೈಗಿತ್ತು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಒಂದೊಂದಾಗಿ, ಗೋಡೆ ಅದುರುವ ಹಾಗೆ, ತೆರೆದಳು.

ಅಧಿಕಾರಿ ಫ್ರೆತೆಸ್ ಅಲ್ಲೇ ತೀರ್ಪು ಕೊಟ್ಟರು. ಗುಂಪಿನಲ್ಲಿ ಇನ್ನೊಂದು ಸಾಲು ಬರೆದರೆ ಸಾಲದು. ಇವನ ಬರವಣಿಗೆಯನ್ನು ಇನ್ನು ಯಾರೂ ನಂಬುವುದಿಲ್ಲ, ನಂಬಲೂ ಕೂಡದು. ನಾಳೆ ಬೆಳಿಗ್ಗೆ ಮಗಳ ಕೈಹಿಡಿದು ಮನೆ ಮನೆಗೂ ಹೋಗಿ, ಬಾಗಿಲಲ್ಲಿ ನಿಲ್ಲಿಸಿ, ಬದುಕಿದ್ದಾಳೆಂದು ತೋರಿಸಿ ಬರಬೇಕು. ಮೀಟರ್ ಓದಲು ಹೋಗುವ ಮನೆಗಳೇ ತಾನೇ, ದಾರಿ ಗೊತ್ತಿದೆ. ಪೆನ್ನು ಮಾತ್ರ ಠಾಣೆಯಲ್ಲಿರುತ್ತದೆ.

ಮರುದಿನ ತಂದೆ ಮಗಳು ಹೊರಟರು. ಪ್ರತಿ ಮನೆಯಲ್ಲೂ ಒಂದೇ ಪೂಜೆ. ಬಾಗಿಲು ತೆರೆದವರು ಮೊದಲು ನಿಮಿಯಾಳನ್ನು ಮುದ್ದಿಸಿ, ಕೈಗೆ ಏನಾದರೂ ತಿನ್ನಲು ಇಡುವರು. ಆಮೇಲೆ ತಲೆಯೆತ್ತಿ ಎಲಿಹಿಯೋನಿಗೆ ಕೊಡುವುದನ್ನು ಕೊಡುವರು.

"ನೂರು ವರ್ಷ ಬಾಳು ಚಿನ್ನ. ಏಯ್, ನಿಂಗೆ ಬುದ್ಧಿ ಬೇಡ್ವೇನೋ?"

"ತಗೋ ಪುಟ್ಟಿ, ಬೆಲ್ಲದ ಮಿಠಾಯಿ. ನಮ್ಮತ್ತೆಗೆ ರಾತ್ರಿಯೆಲ್ಲ ಎದೆನೋವು ನಿನ್ನಿಂದ, ತಿಳ್ಕೋ."

"ಅಯ್ಯೋ ಕೂಸೇ, ಬಾ ಒಳಗೆ. ನೀನು ಅಲ್ಲೇ ನಿಲ್ಲು, ನೀನಲ್ಲ ಕೂಸು."

ನೀರಿನ ಸಮಿತಿಯ ಅಧ್ಯಕ್ಷರು ಬಾಗಿಲಲ್ಲೇ ನಿಂತು, ಕೊಟ್ಟ ರಜೆಯನ್ನು ವಾಪಸ್ಸು ತೆಗೆದುಕೊಂಡರು. ಎಲಿಹಿಯೋ ಎಲ್ಲಿಯೂ ಎದುರು ಮಾತಾಡಲಿಲ್ಲ. ಕಲೆಯ ಬಗ್ಗೆಯೂ ಮಾತಾಡಲಿಲ್ಲ. ಬಿಸಿಲೇರುವ ಹೊತ್ತಿಗೆ ನಿಮಿಯಾಳ ಜೇಬು ತುಂಬಿ, ಅವನ ಅಂಗಿಯ ಜೇಬೂ ತುಂಬಿ, ಉಳಿದದ್ದನ್ನು ಟೋಪಿಯಲ್ಲಿ ಹಾಕಿಕೊಂಡು ಅವನು ಹಿಂದೆ ಹಿಂದೆ ನಡೆದ.

ಊರಿನ ಕೊನೆಯ ಮನೆ ಮುದುಕಿ ಎದುವಿಹಿಸ್‌ರದು. ವಯಸ್ಸಾದರೂ ಕಣ್ಣು ಚುರುಕು. ಚಿತ್ರ ಬರೆದವನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ನಿಮಿಯಾಳನ್ನು ಬೆಳಕಿಗೆ ತಿರುಗಿಸಿ, ಗಲ್ಲ ಹಿಡಿದು ಎತ್ತಿ, ಮುಖವನ್ನು ನಿಧಾನವಾಗಿ ನೋಡಿದರು.

"ಆ ಚಿತ್ರ ಬರೆದೋನು ಯಾರೋ, ಮಗೂ," ಎಂದರು, "ಅವನು ನಿನ್ನ ಮುಖಾನ ಒಂದು ಸಲಾನೂ ನೋಡಿಲ್ಲ."

ಎಲಿಹಿಯೋ ಗೋಡೆಯ ಮೇಲಿನ ನೀರಿನ ಮೀಟರಿನ ಕಡೆ ತಿರುಗಿಕೊಂಡು ಓದುವವನಂತೆ ಬಗ್ಗಿದ.

ನಿಮಿಯಾ ಬಾಯಲ್ಲಿದ್ದ ಮಿಠಾಯಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದಳು.

"ನಿನ್ನೆಯಿಂದ ನೋಡ್ತಾನೇ ಇದ್ದಾನಜ್ಜಿ," ಎಂದಳು. "ಸಾಕು ಅಂದ್ರೂ ಬಿಡ್ತಿಲ್ಲ."